ಭಾವಿಯೊಳಗೆ ಮೂರು ಬಡಿತ

ದೆವ್ವ, ಗಾಳಿ, ಸೋಂಕು ಅಂದವರಿಗೆ ನಾನು ಎದುರಿಗೇ ನಕ್ಕವನು. ನನ್ನದು ಕಬ್ಬಿಣದ ಕೆಲಸ. ಬೆಸುಗೆ ಹತ್ತಿದರೆ ಹತ್ತಿತು, ಇಲ್ಲವಾದರೆ ಇಲ್ಲ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ಅರ್ಧಕ್ಕೇ ಓದು ನಿಲ್ಲಿಸಿ ಚಹಾ ಕುಡಿಯಲು ಹೋಗುತ್ತಿದ್ದೆ. ನೀವು ಹಾಗೆ ಮಾಡಿದರೂ ನನ್ನ ತಕರಾರಿಲ್ಲ.

ಉಣಕಲ್ಲಿನ ಹತ್ತಿರ ನಮ್ಮ ಶೆಡ್ ಇದೆ. ನೀರಿನ ಟ್ಯಾಂಕರ್ ಕಟ್ಟುವುದು, ರಿಪೇರಿ ಮಾಡುವುದು ನಮ್ಮ ಕೆಲಸ. ಕೆಲವು ವರ್ಷಗಳ ಹಿಂದೆ ಕರಾವಳಿಯಿಂದ ಪ್ರವಾಸಿಗರ ದೋಣಿ ನಡೆಸುವವನೊಬ್ಬ ಬಂದ. ಸಮುದ್ರದೊಳಗಿನ ಹವಳದ ಬಂಡೆ ತೋರಿಸುವುದು ಅವನ ಧಂದೆ. ತಳಕ್ಕೆ ಗಾಜು ಕೂಡಿಸಿದ ದೋಣಿಯಿಂದ ನೋಡಿ ಜನಕ್ಕೆ ಬೇಸರ ಬಂದಿದೆಯಂತೆ, ನೀರೊಳಗೇ ಓಡಿಸುವ ಸ್ಕೂಟರ್ ಕೂಡ ಎಲ್ಲೋ ಬಂದಿದೆಯಂತೆ. ಅವನಿಗೆ ಬೇಕಾದದ್ದು ಟೊಪ್ಪಿಗೆ. ಹೆಗಲ ಮೇಲೆ ಕೂರುವ ದೊಡ್ಡ ಲೋಹದ ಟೊಪ್ಪಿಗೆ, ಮುಂದೆ ಗಾಜು, ಮೇಲಿನ ದೋಣಿಯಿಂದ ಪೈಪಿನಲ್ಲಿ ಗಾಳಿ. ಅದನ್ನು ಹಾಕಿಕೊಂಡರೆ ಈಜು ಬಾರದವರೂ ಕನ್ನಡಕ ತೆಗೆಯದೆ, ತಲೆ ಒದ್ದೆಯಾಗದೆ ಸಮುದ್ರದ ತಳದಲ್ಲಿ ನಡೆದಾಡಿ ಹವಳ, ಮೀನು ನೋಡಿ ಬರಬಹುದು. ಮೂರು ಮಾಡಿಕೊಡಿ ಅಂದ. ಒಪ್ಪಿಕೊಂಡೆ.

ತಾಮ್ರ ಹಿತ್ತಾಳೆ ಬಗ್ಗಿಸುವುದಕ್ಕೆ ದುರ್ಗದಬೈಲು ಬಜಾರಿನ ಖಾದರ್ ಕಾಕಾನನ್ನು ಕರೆಸಿದೆ. ಕೊಡ, ಹಂಡೆ ಮಾಡಿ, ಕಲಾಯಿ ಹಾಕಿ ಮುದುಕನಾದವನು. ನಾನು ಶೆಡ್ ತೆರೆದ ಹೊಸದರಲ್ಲಿ ನನಗೆ ಕೆಲಸ ಕಲಿಸಿದವನೂ ಅವನೇ. ಅವನು ಕಲಿಸಿದ ಒಂದು ರಿವಾಜು ನಮ್ಮಲ್ಲಿ ಇಂದಿಗೂ ಇದೆ. ಟ್ಯಾಂಕರಿನೊಳಗೆ ಬೆಸುಗೆ ಹಾಕಲು ಮನುಷ್ಯ ಇಳಿದಾಗ ಹೊರಗಿನವನು ಆಗಾಗ ಮೂರು ಸಲ ಬಡಿಯಬೇಕು, ಒಳಗಿನವನು ತಿರುಗಿ ಮೂರು ಸಲ ಬಡಿಯಬೇಕು. ಬಡಿಯಲಿಲ್ಲ ಅಂದರೆ ಕಾರಣ ಕೇಳುವ ಮೊದಲು ಹೊರಗೆ ಎಳೆಯಬೇಕು. ಒಳಗಿರುವವನ ಜೊತೆ ಜಗಳವಿದ್ದರೂ ಇದನ್ನು ತಪ್ಪಿಸುವಂತಿಲ್ಲ.

ಟೊಪ್ಪಿಗೆಗಳು ಚೆಂದ ಆದವು. ಆದರೆ ಕಾಕಾ ಮೊದಲನೆಯದನ್ನು ತಿರುಗಿಸಿ ನೋಡಿ ತಕರಾರು ತೆಗೆದ.

“ಸಾವಕಾರ್ರ, ಇದು ಬೋರಲ ಹಾಕಿದ ಕೊಡಾ. ಮ್ಯಾಲಿಂದ ಗಾಳಿ ಬರೂತನಕ ಛಲೋ. ಮಷಿನ್ ನಿಂತ್ರ ತಳದಾಗಿದ್ದಾವ ಏನ್ ಉಸುರಾಡಬೇಕ್ರಿ? ಪ್ರತಿಯೊಂದಕ್ಕೂ ಗಾಳಿ ತುಂಬಿಟ್ಟ ಒಂದೊಂದು ಟಾಕಿ ಕೂಡಸ್ರಿ.”

ಅವನ ಮಾತು ಖರೇ ಇತ್ತು. ಅದೇ ನನ್ನ ಸಿಟ್ಟಿಗೆ ಕಾರಣ. ಟಾಕಿ ಕೂಡಿಸಿದರೆ ಕೆಲಸ ವಾರ ಮುಂದೆ ಹೋಗುತ್ತಿತ್ತು, ದೋಣಿಯವನು ಎದುರಿಗೇ ನಿಂತಿದ್ದ. ಅವನ ಮುಂದೆ ನಾನು ಸಣ್ಣವನಾದೆ ಅನ್ನಿಸಿ ತಲೆ ಕೆಟ್ಟಿತು.

“ಕೊಡಕ್ಕ ಕಲಾಯಿ ಹಾಕಾವ್ರು ನನಗ ಸಮುದ್ರದ ಕೆಲಸಾ ಹೇಳಾಕ ಬರಬ್ಯಾಡ್ರಿ. ವಯಸ್ಸಾತು, ನಿಮ್ಮ ಬುದ್ಧಿನೂ ಸವದೇತಿ,” ಅಂದೆ.

ಕಾಕಾ ತನ್ನ ಸುತ್ತಿಗೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದ. “ಇನ್ನ ಈ ಬಾಗಲಾ ತುಳ್ಯೂದಿಲ್ಲ. ನಿಮ್ಮ ಮಾರಿನೂ ನೋಡೂದಿಲ್ಲ,” ಅಂದು ಹೋದ. ಹೋದರೆ ಹೋಗಲಿ ಎಂದು ನಾನು ಅವನಿಗೆ ಕೇಳುವ ಹಾಗೆಯೇ ಹೇಳಿದೆ.

ಮರುದಿನ ಮಧ್ಯಾಹ್ನ ಟೊಪ್ಪಿಗೆಯನ್ನು ನಾನೇ ಹಾಕಿಕೊಂಡು ಶೆಡ್ಡಿನ ಹಿಂದಿನ ಭಾವಿಗೆ ಇಳಿದೆ. ಮಾಡಿದವನ ತಲೆಯ ಮೇಲೆ ಪರೀಕ್ಷೆ ಆಗದೆ ಪ್ರವಾಸಿಗರ ತಲೆಗೆ ಹೋಗಬಾರದು, ಅಷ್ಟು ಧರ್ಮ ನನ್ನಲ್ಲಿ ಉಳಿದಿತ್ತು. ನನಗೆ ಈಜು ಬರುವುದಿಲ್ಲ. ನಡುವಿಗೆ ಪಟ್ಟಿ ಕಟ್ಟಿ, ಅದನ್ನು ಭಾವಿಯ ಮೇಲೆ ತೂಗುಹಾಕಿದ, ಭಾರ ಎತ್ತುವ ಚೈನ್ ಪುಲ್ಲಿಗೆ ಸಿಕ್ಕಿಸಿದ್ದೆವು. ನಿಮಗೆ ಗೊತ್ತಿರಲಿ, ಚೈನನ್ನು ಕೈಯಿಂದ ಎಳೆದರೆ ಮಾತ್ರ ಅದು ಗೇಣು ಗೇಣಾಗಿ ಮೇಲೆ ಬರುತ್ತದೆ, ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಮೇಲೆ ನನ್ನ ಹೆಂಡತಿಯ ತಮ್ಮ ಬಸವರಾಜ, ದೋಣಿಯಲ್ಲಿ ಇಡುವಂಥದ್ದೇ ಟಾಕಿಯಿಲ್ಲದ ಸಣ್ಣ ಕಂಪ್ರೆಸರಿನ ಹತ್ತಿರ ಕೂತಿದ್ದ.

ತಳ ಮುಟ್ಟಿದೆ. ಕೆಸರು, ಹಸಿರು ಬೆಳಕು, ಕಿವಿಯಲ್ಲಿ ಗಾಳಿಯ ಸದ್ದು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತಿತು. ನಡುವೆ ಗಾಳಿ ಕಡಿಮೆ ಮಾಡಿ ನೋಡು ಎಂದು ಬಸವರಾಜನಿಗೆ ನಾನೇ ಹೇಳಿದ್ದೆ. ಮಾಡುತ್ತಿದ್ದಾನೆ ಎಂದುಕೊಂಡು ಸುಮ್ಮನೆ ನಿಂತೆ. ಹಾಯೆನಿಸಿತು, ಕಣ್ಣು ಜಡವಾದವು.

ಆಗ ಎಡಗಿವಿಯ ಹಿಂದೆ, ಟೊಪ್ಪಿಗೆಯ ಮೇಲೆ ಮೂರು ಸಲ ಬಡಿದ ಸದ್ದಾಯಿತು. ಟಣ್, ಟಣ್, ಟಣ್. ಕಾಕಾನ ನಡುಬೆರಳಿನಲ್ಲಿ ಒಂದು ದಪ್ಪ ಬೆಳ್ಳಿ ಉಂಗುರವಿದೆ. ಬೆರಳಿನ ಗೆಣ್ಣಿನ ಜೊತೆ ಆ ಉಂಗುರವೂ ತಾಗುವ ಸದ್ದನ್ನು ನಾನು ಟ್ಯಾಂಕರಿನೊಳಗಿನಿಂದ ಎಷ್ಟು ವರ್ಷ ಕೇಳಿದ್ದೇನೋ. ಮುದುಕ ವಾಪಸ್ ಬಂದಿದ್ದಾನೆ ಅಂದುಕೊಂಡೆ. ನೀರಿನ ತಳಕ್ಕೆ ಅವನ ಕೈ ಹೇಗೆ ಬಂತು ಎಂದು ಕೇಳಿಕೊಳ್ಳಲಿಲ್ಲ. ತಲೆಯಲ್ಲಿ ಇದ್ದದ್ದು ಸಿಟ್ಟು ಮಾತ್ರ. ಸದ್ದು ಮತ್ತೆ ಬಂತು, ಮತ್ತೆ ಮೂರು. ನಾನು ಕೈ ಎತ್ತಿದೆ, ಬೇಕೆಂದೇ ಇಳಿಸಿದೆ. ಇವನಿಗೆ ನಾನು ಉತ್ತರ ಕೊಡುವುದಿಲ್ಲ ಎಂದು ಹಟ ಹಿಡಿದೆ.

ಆಮೇಲೆ ನಡುವಿನ ಪಟ್ಟಿ ಜಗ್ಗಿತು. ಗೇಣು ಗೇಣಾಗಿ, ಒಂದು ಸಲವೂ ನಿಲ್ಲದೆ ಮೇಲೆ ಬಂದೆ. ಕಟ್ಟೆಗೆ ತೋಳು ಚಾಚಿ ಹೊರಳಿ, ಟೊಪ್ಪಿಗೆ ಕಿತ್ತೊಗೆದು ವಾಂತಿ ಮಾಡಿಕೊಂಡೆ. ಸುತ್ತ ಯಾರೂ ಇರಲಿಲ್ಲ. ಕಂಪ್ರೆಸರ್ ಸತ್ತು ಬಿದ್ದಿತ್ತು. ಚೈನ್ ಇನ್ನೂ ಅಲ್ಲಾಡುತ್ತಿತ್ತು.

ಬಸವರಾಜ ಶೆಡ್ಡಿನ ಆಚೆ ಕಡೆಯಿಂದ ಓಡಿಬಂದು ನನ್ನನ್ನು ನೋಡಿ ಬೆಪ್ಪಾಗಿ ನಿಂತ. “ಕರೆಂಟ್ ಹೋತ್ರಿ ಮಾಮಾ. ಜನರೇಟರ್ ಚಾಲೂ ಮಾಡಾಕ ಹೋಗಿದ್ನಿ, ಹತ್ತಲೇ ಇಲ್ಲ. ನಿಮ್ಮನ್ನ ಯಾರು ಎಳದ್ರು?”

ನಾನು ಅವನ ಕೈ ಹಿಡಿದು ತಿರುಗಿಸಿ ನೋಡಿದೆ. ಆ ಚೈನ್ ಮುಟ್ಟಿದವರ ಅಂಗೈಗೆ ಗ್ರೀಸ್ ಹತ್ತದೆ ಇರುವುದಿಲ್ಲ. ಅವನ ಕೈಯಲ್ಲಿ ಧೂಳಿತ್ತು, ಗ್ರೀಸ್ ಇರಲಿಲ್ಲ. ನನ್ನ ಕೈಯಲ್ಲೂ ಇರಲಿಲ್ಲ.

ಸಂಜೆ ದುರ್ಗದಬೈಲಿಗೆ ಹೋದೆ. ಕಾಕಾ ಬೆಳಗಿನಿಂದ ಜಾಗ ಬಿಟ್ಟು ಎದ್ದಿಲ್ಲ ಎಂದು ಪಕ್ಕದ ಬಳೆ ಅಂಗಡಿಯವನು ಹೇಳಿದ. ಕಾಕಾ ಹಂಡೆಗೆ ಕಲಾಯಿ ಹಾಕುತ್ತಿದ್ದ, ಮುಖ ಎತ್ತಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬೈದದ್ದು ತಪ್ಪಾಯಿತು ಎಂದೂ ಹೇಳಿದೆ. ಅವನು ಹಂಡೆಯನ್ನು ಇನ್ನೊಂದು ಬದಿಗೆ ಹೊರಳಿಸಿದ.

“ಗಾಳಿ ಟಾಕಿ?” ಅಂದ.

“ಕೂಡಸ್ತೇನ್ರಿ. ಟಾಕಿ ಇಲ್ಲದ ಒಂದೂ ಕೊಡೂದಿಲ್ಲ.”

“ಬಡದದ್ದು ಕೇಳ್ತಂದ್ರಿ. ನೀವು ತಿರುಗಿ ಬಡದ್ರೇನು?”

“ಇಲ್ರಿ.”

“ಯಾಕ?”

ಸುಳ್ಳು ಹೇಳಬಹುದಿತ್ತು. “ನೀವ ಅಂತ ತಿಳದಿದ್ನಿ,” ಅಂದೆ.

ಅವನ ಕೈ ನಿಂತಿತು. ಆ ದಿನ ಮೊದಲ ಸಲ ನನ್ನ ಮುಖ ನೋಡಿದ. “ನಾ ಅಂತ ತಿಳದ ಬಡೀಲಿಲ್ಲ ಹೌದಲ್ರಿ? ಹಂಗಾರ ನಿಮ್ಮನ್ನ ಎಳದಾವ ನಾ ಅಲ್ಲ. ಹೋಗ್ರಿ,” ಅಂದು ಮತ್ತೆ ಹಂಡೆಯ ಕಡೆ ತಿರುಗಿದ.

ಗಾಳಿ ಕೆಟ್ಟಾಗ ಮಿದುಳಿಗೆ ಇಲ್ಲದ ಸದ್ದು ಕೇಳುತ್ತದೆ ಎಂದು ಡಾಕ್ಟರು ಹೇಳಿದರು. ಸರಿ, ಬಡಿತವನ್ನು ಅವರ ಲೆಕ್ಕಕ್ಕೆ ಬಿಡೋಣ. ಚೈನ್ ಎಳೆದವರು ಯಾರು ಅಂದದ್ದಕ್ಕೆ ಔಷಧದ ಚೀಟಿ ಬರೆದುಕೊಟ್ಟರು. ಕಾಕಾ ಶೆಡ್ಡಿಗೆ ಮತ್ತೆ ಕಾಲಿಡಲಿಲ್ಲ. ಬಜಾರಿನಲ್ಲಿ ಎದುರಾದರೆ ರಸ್ತೆ ದಾಟಿ ಹೋಗುತ್ತಾನೆ.

ಟೊಪ್ಪಿಗೆಯ ಕೆಲಸ ಈಗಲೂ ಬರುತ್ತದೆ. ಎಲ್ಲದಕ್ಕೂ ಟಾಕಿ ಕೂಡಿಸುತ್ತೇನೆ, ಪ್ರತಿಯೊಂದನ್ನೂ ಹಾಕಿಕೊಂಡು ಅದೇ ಭಾವಿಗೆ ಇಳಿಯುತ್ತೇನೆ. ತಳ ಮುಟ್ಟಿದ ಮೇಲೆ ನಾನೇ ಮೊದಲು ಮೂರು ಸಲ ಬಡಿದು ಕಾಯುತ್ತೇನೆ. ಇದುವರೆಗೆ ಯಾರೂ ತಿರುಗಿ ಬಡಿದಿಲ್ಲ.