ರುಚಿ ನೋಡದ ಅಡುಗೆಯವನು

ನಾನು ಅಡುಗೆಯವನು. ಉಡುಪಿ, ಕಾಪು, ಕಾರ್ಕಳದ ಕಡೆ ಮದುವೆ, ಉಪನಯನಕ್ಕೆ ಹೋಗುವವರಲ್ಲಿ ನನ್ನ ಕೈಯ ಕಡ್ಲೆಬೇಳೆ ಪಾಯಸ ಉಣ್ಣದವರು ಕಡಿಮೆ. ಜಂಬ ಕೊಚ್ಚಿಕೊಳ್ಳುತ್ತಾನೆ ಅಂದುಕೊಂಡರೆ ಅಂದುಕೊಳ್ಳಿ. ಇದ್ದದ್ದನ್ನು ಇದ್ದ ಹಾಗೆ ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಎರಡು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಹೆಂಡತಿ, ಮಗಳು ಸೇರಿ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿಯೇ ಬಿಟ್ಟರು. "ಬೆಲ್ಲ, ತುಪ್ಪದ ನಡುವೆ ನಿಂತು ಬಾಯಿ ಕಟ್ಟಲಿಕ್ಕೆ ಆಗ್ತದಾ ಅಪ್ಪ?" ಎಂದಳು ಮಗಳು. ಪರ್ಕಳದ ಮನೆಯ ಜಗಲಿಯಲ್ಲಿ ಕುಳಿತೆ. ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟೂ ಬರಲಿಲ್ಲ. ಸ್ನಾನ ಬೇಡ, ಊಟ ಬೇಡ, ಮಾತು ಬೇಡ. ಮಾತ್ರೆಯನ್ನು ಕಿಟಕಿಯಾಚೆ ಎಸೆದದ್ದೂ ಉಂಟು. "ಶುಗರಿನ ಸುಸ್ತು" ಎಂದರು ಎಲ್ಲರೂ. ನಾನೂ ಹೌದೆಂದೆ. ಆದರೆ ಒಳಗೊಂದು ಹೆದರಿಕೆ ಇತ್ತು, ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎಂದರೂ ಇಂಗಿನ ವಾಸನೆ ನನ್ನನ್ನು ಮುಟ್ಟುತ್ತಿರಲಿಲ್ಲ.

ಮಣಿಪಾಲಕ್ಕೆ ತಪಾಸಣೆಗೆ ಹೋದಾಗ ಡಾಕ್ಟರಮ್ಮ ರಕ್ತದ ವರದಿಯನ್ನು ಬದಿಗಿಟ್ಟು ಕೇಳಿದರು: "ಇತ್ತೀಚೆಗೆ ಯಾವುದರಲ್ಲಾದರೂ ಖುಷಿ ಅನಿಸಿದ್ದುಂಟಾ?"

"ಎಂತ ಖುಷಿ ಮೇಡಂ? ವಾಸನೆಯೇ ತಿಳಿಯದ ಅಡುಗೆಯವನು ಇದ್ದರೆಷ್ಟು, ಬಿಟ್ಟರೆಷ್ಟು!" ಎಂದು ರೇಗಿದೆ. ರೇಗಿದವನು ಅತ್ತೇಬಿಟ್ಟೆ. ಪಕ್ಕದಲ್ಲಿದ್ದ ಹೆಂಡತಿಗೂ ಇದು ಗೊತ್ತಾದದ್ದು ಆಗಲೇ.

"ಇದು ಸೋಮಾರಿತನ ಅಲ್ಲ, ಬರೀ ಸುಸ್ತೂ ಅಲ್ಲ. ಖಿನ್ನತೆ. ಶುಗರ್ ಇರುವ ಎಷ್ಟೋ ಜನರಿಗೆ ಬರ್ತದೆ. ಇದಕ್ಕೂ ಮದ್ದು ಉಂಟು" ಎಂದರು ಡಾಕ್ಟರಮ್ಮ. ಮನಸ್ಸಿಗೆಂದು ಬೇರೆ ಮಾತ್ರೆ ಕೊಟ್ಟರು, ಹದಿನೈದು ದಿನಕ್ಕೊಮ್ಮೆ ಬಂದು ಮಾತಾಡಲು ಹೇಳಿದರು. ಹೋದೆ. ಈಗಲೂ ಹೋಗುತ್ತೇನೆ. ಅದರಲ್ಲಿ ನಾಚಿಕೆ ಎಂತದ್ದು?

ಕೆಲವು ತಿಂಗಳಲ್ಲಿ ಸ್ವಲ್ಪ ಜೀವ ಬಂತು. ಒಲೆಗೆ ಹೋಗುತ್ತೇನೆ ಎಂದೆ. ಹೊತ್ತಿಗೆ ಊಟ, ಮಾತ್ರೆ ತಪ್ಪದಿದ್ದರೆ ಆಗಬಹುದು ಎಂದರು ಡಾಕ್ಟರಮ್ಮ. ಮಗಳು ಮಾತ್ರ, "ರುಚಿ ನೋಡದೆ ಪಾಯಸ ಹೇಗೆ ಮಾಡ್ತೀರಿ?" ಎಂದು ಅಡ್ಡ ನಿಂತಳು. ನನ್ನ ಹಳೆಯ ಸಿಟ್ಟು ಬಂತು ನೋಡಿ!

"ಹುಚ್ಚಿ! ನೈವೇದ್ಯ ಆಗುವ ಮೊದಲು ನಾಲಿಗೆಗೆ ಮುಟ್ಟಿಸುವ ಕ್ರಮ ನಮ್ಮಲ್ಲಿ ಉಂಟಾ? ಇಷ್ಟು ವರ್ಷದಲ್ಲಿ ಒಂದು ಹನಿ ರುಚಿ ನೋಡಿದವನಲ್ಲ ನಿನ್ನಪ್ಪ. ಎಲ್ಲಾ ಮೂಗಿನ ಲೆಕ್ಕ!"

"ಬೈಯಲಿಕ್ಕೆ ಶುರು ಮಾಡಿದ್ರಲ್ಲ, ಇನ್ನು ಅಡ್ಡಿಲ್ಲ ಮಾರಾಯ್ರೆ" ಎಂದು ಹೆಂಡತಿ ನಕ್ಕಳು.

ಬಾಯಲ್ಲಿ ಹಾಗೆಂದೆ, ನಿಜ. ಆದರೆ ವಾಸನೆ ಇನ್ನೂ ಸರಿಯಾಗಿ ತಿರುಗಿ ಬಂದಿರಲಿಲ್ಲ. ಆ ಮೂಗೇ ಕೈಕೊಟ್ಟರೆ?

ಕಾಪುವಿನಲ್ಲಿ ಒಂದು ಉಪನಯನ ಸಿಕ್ಕಿತು. ಹೆಂಡತಿಯೂ ಬಂದಳು. ಬೆಂದ ಬೇಳೆಗೆ ಬೆಲ್ಲ ಹಾಕಿ ಕೊಪ್ಪರಿಗೆಯ ಮುಂದೆ ನಿಂತೆ. ಬೆಲ್ಲದ ಹಸಿ ವಾಸನೆ ಹೋದ ಮೇಲೆಯೇ ಕಾಯಿಹಾಲು ಹಾಕಬೇಕು. ಅವಸರ ಮಾಡಿದರೆ ಹಾಲು ಒಡೆಯುತ್ತದೆ, ಮಾನವೂ ಹೋಗುತ್ತದೆ. ನಿಂತೆ, ನಿಂತೆ. ಮೂಗಿಗೆ ಏನೂ ಇಲ್ಲ. "ಹಾಲು ಹಾಕುವುದಾ ಭಟ್ರೆ?" ಎಂದ ಜೊತೆಯ ಅಡುಗೆಯವನು. "ಸುಮ್ಮನಿರು!" ಎಂದೆ. ಸೌದೆ ಸ್ವಲ್ಪ ಹಿಂದಕ್ಕೆ ಎಳೆದು, ಕಣ್ಣು ಮುಚ್ಚಿ ಬಗ್ಗಿದೆ.

ಬಂತು. ಕಬ್ಬಿನ ರಸದಂಥ ಹಸಿ ವಾಸನೆ ಮೊದಲು ಮೂಗಿಗೆ ಹತ್ತಿತು. ಕದಲದೆ ಕಾದೆ. ಮೆಲ್ಲಗೆ ಅದು ಇಳಿದು, ಬೇಳೆಯ ಪರಿಮಳದ ಒಳಗೆ ಸೇರಿತು. "ಹಾಕು!" ಎಂದು ನಾನು ಕೂಗಿದ್ದು ಚಪ್ಪರದವರೆಗೆ ಕೇಳಿಸಿತಂತೆ.

ಮೊದಲ ಪಂಕ್ತಿಯಲ್ಲಿ ಪಾಯಸ ಎರಡನೆಯ ಸಲ ಕೇಳಿದವರು ಬಹಳ. ಅದೇನು ಹೊಸತಲ್ಲ ಬಿಡಿ. ಕೊನೆಯ ಪಂಕ್ತಿಯಲ್ಲಿ ಹೆಂಡತಿ ಕುಳಿತಳು. ನನಗೆ ಶುಗರ್ ಬಂದಂದಿನಿಂದ ಅವಳೂ ಸಿಹಿ ಮುಟ್ಟಿರಲಿಲ್ಲ. ಕೇಳಿದರೆ "ನನಗೀಗ ಸೇರುವುದಿಲ್ಲ" ಎಂಬ ಸುಳ್ಳು. ಅವಳ ಎಲೆಗೆ ನಾನೇ ಬಡಿಸಿದೆ. ಹೊಗಳುವ ಅಭ್ಯಾಸ ಅವಳಿಗೆ ಮದುವೆಯಾದಂದಿನಿಂದಲೂ ಇಲ್ಲ. ಎಲೆಯನ್ನು ಬಳಿದು ಉಂಡು, ತಲೆ ಎತ್ತದೆ, "ಇನ್ನೊಂದು ಸೌಟು ಹಾಕಿ" ಎಂದಳು.