ಕಂಪ್ಲೇಂಟ್ ಕೊಟ್ಟವರೇ ಬೇಡ ಅಂದರು

ಟೆಲಿಫೋನ್ ಲೈನ್‌ಮನ್ ಕೆಲಸದಲ್ಲಿ ಬೈಗುಳ ಹೊಸದಲ್ಲ. ಆದರೆ ರಿಪೇರಿ ಮಾಡಬೇಡಿ ಅಂತ ಕೈ ಮುಗಿದವರನ್ನು ಕಂಡಿದ್ದು ಆನೇಮಹಲ್ ಹತ್ತಿರದ ಒಂದು ಮನೆಯಲ್ಲಿ ಮಾತ್ರ.

ಫೋನ್ ಸತ್ತಿದೆ ಅಂತ ಕಂಪ್ಲೇಂಟ್ ಬಂದಿತ್ತು. ಹೋಗಿ ನೋಡಿದರೆ ಗೋಡೆಯ ಡಬ್ಬಿಯಿಂದ ವೈರನ್ನು ಯಾರೋ ಕಿತ್ತಿದ್ದರು.

"ನಾನೇ ಕಿತ್ತಿದ್ದು. ಹಂಗೇ ಇರ್ಲಿ ಬುಡಿ," ಅಂತ ಕೈ ಮುಗಿದರು ಮನೆಯಾಕೆ.

"ಮತ್ತೆ ಕಂಪ್ಲೇಂಟ್ ಕೊಟ್ಟಿದ್ದು?"

"ಅದೂ ನಾನೇ, ಅಂಗಡಿ ಫೋನಿಂದ."

ನನಗೆ ತಲೆಬುಡ ಅರ್ಥವಾಗಲಿಲ್ಲ.

"ನಮ್ಮಕ್ಕ ಹಾನುಬಾಳಲ್ಲಿ ಅವ್ಳೆ. ಫೋನ್ ಬಂದ್ಮೇಲೆ ಈ ಕಡೆ ತಲೆ ಹಾಕಿಲ್ಲ ಕಣ್ರೀ. ದಿನಾ ಊಟ ಆಯ್ತಾ ಅಂತ ಕೇಳಿ ಇಟ್ಬುಡ್ತಾಳೆ. ಫೋನ್ ಕೆಟ್ರೆ ಗಾಬರಿಯಾಗಿ ಬಂದೇ ಬರ್ತಾಳೆ. ಕಂಪ್ಲೇಂಟ್ ಕೊಟ್ಟಿದೀಯಾ ಅಂತ ಕೇಳ್ತಾಳಲ್ಲ, ಸುಳ್ಳು ಹೇಳಕ್ಕಾಗ್ತದಾ? ಅದಕ್ಕೇ ಕೊಟ್ಟೆ."

ವೈರ್ ಸಿಕ್ಕಿಸಲೋ, ಎದ್ದು ಹೋಗಲೋ ಅಂತ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾಗಲೇ ಅಂಗಳದಲ್ಲಿ ಜೀಪ್ ನಿಂತಿತು. ಅಕ್ಕ ಇಳಿದು ಬಂದು ತಂಗಿಯ ಕೈ, ಕೆನ್ನೆ ಮುಟ್ಟಿ ನೋಡಿ, ಕಣ್ಣೊರೆಸಿಕೊಂಡು, ನನ್ನ ಮೇಲೆ ತಿರುಗಿಬಿದ್ದರು.

"ಏನ್ರೀ, ಒಂದು ವೈರ್ ಸರಿ ಮಾಡಕ್ಕೆ ಇಷ್ಟು ದಿನ ಬೇಕಾ? ನಿಮ್ಗೆ ಸಂಬಳ ಯಾಕೆ ಕೊಡ್ತಾರೆ?"

ಅಕ್ಕನ ಬೆನ್ನ ಹಿಂದೆ ತಂಗಿ ನನಗೆ ಮತ್ತೆ ಕೈ ಮುಗಿದರು.

"ಲೈನಲ್ಲಿ ಭಾರೀ ತೊಂದರೆ ಐತಮ್ಮ, ಟೈಮ್ ಹಿಡೀತದೆ," ಅಂದುಬಿಟ್ಟೆ.

"ಸರಿ, ಅಲ್ಲೀಗಂಟ ಇಲ್ಲೇ ಇರ್ತೀನಿ," ಅಂತ ಅಕ್ಕ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು.

ಕೆಲವು ದಿನ ಇದ್ದು ಅವರು ಊರಿಗೆ ಹೊರಟ ಮೇಲೆ ಹೋಗಿ ವೈರ್ ಸಿಕ್ಕಿಸಿ ಬಂದೆ. ಸ್ವಲ್ಪ ದಿನಕ್ಕೇ ಹಾನುಬಾಳಿಂದ ಕಂಪ್ಲೇಂಟ್: ಅಕ್ಕನ ಮನೆ ಫೋನ್ ಸತ್ತಿದೆಯಂತೆ. ಬ್ಯಾಗನ್ನು ಹೆಗಲಿಗೇರಿಸಿದವನು, ಹೋಗಬೇಕೋ ಬೇಡವೋ ತಿಳಿಯದೆ ಆಫೀಸಿನ ಬಾಗಿಲಲ್ಲೇ ನಿಂತೆ.