ಐಸ್‌ಲ್ಯಾಂಡಿಗೆ ಹೋದ ಕ್ಯಾಸೆಟ್

ಠಣ್. ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಸದ್ದು. ಆಗಿನ ಸ್ಲೈಡ್ ಷೋಗಳಲ್ಲಿ ಕ್ಯಾಸೆಟ್ಟಿನೊಳಗೆ ಹಾಗೊಂದು ಸದ್ದು ಕೇಳಿಸಿದರೆ ಪ್ರೊಜೆಕ್ಟರ್ ಹತ್ತಿರ ಕೂತವರು ಮುಂದಿನ ಚಿತ್ರ ಹಾಕಬೇಕು. ಆ ಸದ್ದು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಎಂಬತ್ತರ ಆಸುಪಾಸು. ಹೊಸೂರಿನ ಸ್ಕೂಲಿನಲ್ಲಿ ಟೀಚರ್ ಆಗಿದ್ದ ನಾನು, ಕೆಲಮಂಗಲದ ಆಚೆಗಿದ್ದ ಸಣ್ಣ ಆಸ್ಪತ್ರೆಗೆ ಇಂಗ್ಲಿಷ್ ಟೈಪಿಂಗ್ ಮಾಡಿಕೊಡುತ್ತಿದ್ದೆ. ಅಲ್ಲಿನ ಮಕ್ಕಳ ವಾರ್ಡ್ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಅಂಚೆಟ್ಟಿ ಕಡೆಯಿಂದ ಮಕ್ಕಳನ್ನು ಹೊತ್ತು ನಡೆದು ಬರುವ ತಾಯಂದಿರಿಗೆ ಬೇರೆ ದಿಕ್ಕಿರಲಿಲ್ಲ. ಐಸ್‌ಲ್ಯಾಂಡಿನ ಕೆಲವು ಹೆಂಗಸರು ನೆರವು ಕೂಡಿಸಿಕೊಡಲು ಸಿದ್ಧರಿದ್ದರು. ಆದರೆ ಅಲ್ಲಿನ ಊರವರಿಗೆ ತೋರಿಸಲು ಅವರದೇ ಭಾಷೆಯ ಸ್ಲೈಡ್ ಷೋ ಬೇಕಿತ್ತು.

ಟ್ರಾನ್ಸ್‌ಲೇಟರ್ ಎಲ್ಲಿ? ನನ್ನ ಕಾನ್ವೆಂಟ್ ಇಂಗ್ಲಿಷ್ ಅಲ್ಲಿ ಯೂಸ್‌ಲೆಸ್. ಮದರಾಸಿಗೆ ಬರೆದರೆ ಜರ್ಮನ್, ಫ್ರೆಂಚ್ ಇದೆ ಅಂದರು. ಬೆಂಗಳೂರಿನಲ್ಲಿ ಒಬ್ಬರು, "ಐಸ್ ಫ್ಯಾಕ್ಟ್ರಿಯವ್ರಾ ಮೇಡಂ?" ಎಂದು ಫೋನಿಟ್ಟರು. ಕೊನೆಗೆ, ಕೋಲಾರದ ಕಡೆ ರಿಟೈರ್ ಆಗಿ ಉಳಿದಿದ್ದ ವಯಸ್ಸಾದ ನರ್ಸ್ ಒಬ್ಬರು ಆ ದೇಶದವರೆಂದು ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರಮ್ಮನಿಗೆ ತಿಳಿಯಿತು. ಕರೆಸಿದರು. ಬಿಳಿ ಸೀರೆ, ಬಾಯಿ ತೆರೆದರೆ ಕೋಲಾರದ ಹಳ್ಳಿ ಕನ್ನಡ. ಬಂದವರೇ ವಾರ್ಡ್ ಸುತ್ತಿ, ಆಯಾ ಜೊತೆ ಮಾತಾಡಿ ಬಂದು ಕೂತರು.

ನಾನು ಟೈಪ್ ಮಾಡಿದ್ದನ್ನು ಓದಿಕೊಂಡು ಟೇಪ್ ರೆಕಾರ್ಡರಿನ ಮುಂದೆ ತಮ್ಮ ಭಾಷೆಯಲ್ಲಿ ಹೇಳುವರು. ಒಂದು ಚಿತ್ರದ ಮಾತು ಮುಗಿಸಿ ಬೆರಳೆತ್ತಿದರೆ ನಾನು ಲೋಟ ಬಡಿಯಬೇಕು. ಬಾಗಿಲಲ್ಲಿ ನಿಂತ ಆಯಾ ಪಿಸುಗುಟ್ಟಿದಳು: "ಅಕ್ಕಾ, ವೊಗಳ್ತಾವ್ರೋ ಬೈತಾವ್ರೋ, ನಮ್ಗೆಂಗೆ ಗೊತ್ತಾಯ್ತದೆ?"

"ಸುಮ್ನಿರೇ" ಅಂದೆ. ನನಗೂ ಅದೇ ಭಯ.

ಕಿಟಕಿ ಪಕ್ಕದ ಮಂಚದ ಮಗುವಿನ ಸ್ಲೈಡ್ ಬಂತು. ಇಂಗ್ಲಿಷಿನಲ್ಲಿ ಒಂದೇ ಸಾಲು: ಈ ಮಗು ಈಗ ಚೇತರಿಸಿಕೊಂಡಿದೆ. ಅವರು ಮಾತಾಡುತ್ತಲೇ ಹೋದರು. ದನಿ ತಗ್ಗಿತು. ಮೈ ಗಾಡ್, ಏನು ಹೇಳುತ್ತಿದ್ದಾರೆ ಇವರು? ಚಮಚ ಎತ್ತಿ ಹಿಡಿದು ಅವರ ಬೆರಳನ್ನೇ ನೋಡುತ್ತಿದ್ದೆ.

ಡಾಕ್ಟರಮ್ಮ ಟೇಪ್ ನಿಲ್ಲಿಸಿದರು. "ಸಿಸ್ಟರ್, ಏನು ಹೇಳಿದಿರಿ?"

"ಆ ಮಂಚ ಕಾಲಿ ಐತಲ್ಲಮ್ಮ. ಮಗ ವೋದ್ವಾರ ವೋಗ್ಬುಡ್ತು ಅಂತ ಆಯಾ ಅಂದ್ಳು. ಅದ್ನೇ ಹೇಳ್ದೆ. ಉಷಾರಾಗೈತೆ ಅಂತ ನನ್ ಬಾಯಲ್ಲಿ ಬರ್ಲಿಲ್ಲ."

ಅದು ಮಗು ಬದುಕಿದ್ದಾಗ ಬರೆದ ಸಾಲು. ಬದಲಿಸಲು ಡಾಕ್ಟರಮ್ಮನಿಗೆ ಧೈರ್ಯ ಬಂದಿರಲಿಲ್ಲ. ಮಕ್ಕಳು ಉಳಿಯದ ವಾರ್ಡಿನ ಕೈ ಯಾರು ಹಿಡಿಯುತ್ತಾರೆ? ಅವರು ಮತ್ತೆ ಟೇಪಿನ ಗುಂಡಿಗೆ ಬೆರಳಿಟ್ಟು, "ಇರಲಿ ಬಿಡಿ. ನೆಕ್ಸ್ಟ್ ಸ್ಲೈಡ್" ಅಂದರು.

ಕ್ಯಾಸೆಟ್ ಹೋಯಿತು. ಪೋಸ್ಟ್‌ಮ್ಯಾನ್ ಸೈಕಲ್ ಕಂಡರೆ ಸಾಕು, ಗೇಟಿಗೆ ಓಡುತ್ತಿದ್ದೆ. ಬೇಸಿಗೆ ಕಳೆದ ಮೇಲೆ ನೆರವು ಬಂತು. ಕಿಟಕಿ ಪಕ್ಕದ ಮಂಚದಲ್ಲಿ ಆಗಲೇ ಜವಳಗಿರಿಯ ಹುಡುಗಿಯೊಬ್ಬಳು ಮಲಗಿದ್ದಳು. ವಾರ್ಡ್ ಉಳಿಯಿತೆಂದು ಕೋಲಾರಕ್ಕೆ, ಸಿಸ್ಟರಿಗೆ ಬರೆದೆ. ಅಷ್ಟರಲ್ಲಿ ಅವರು ತಮ್ಮ ದೇಶಕ್ಕೆ ಹೊರಟುಹೋಗಿದ್ದರಂತೆ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ರೆಕಾರ್ಡಿಂಗ್ ಆದ ಸಂಜೆ, ಬಸ್ಸಿಗೆ ಹತ್ತಿಸಲು ಹೋದಾಗ. ಕಿಟಕಿಯ ಕಂಬಿ ಹಿಡಿದು ನನ್ನತ್ತ ಬಾಗಿದರು.

"ನನ್ ಮಾತಿಂದ ವಾರ್ಡ್ ಮುಚ್ಚೋದ್ರೆ, ನಂಗೆ ಕಾಗ್ದ ಮಾತ್ರ ಬರೀಬ್ಯಾಡ ಕಣಮ್ಮ" ಅಂದರು.

ಬಸ್ ಹೊರಟಿತು.